ನೀರಿಗಿಳಿದ ಕಾರ್ಟ್ ತಿರುವಿನಲ್ಲಿ ಏಕೆ ಜಾರುತ್ತದೆ?

ಪ್ರಶ್ನೆ: ವಿಡಿಯೋ ರೇಸ್ ಆಟವಾದ ಮಾರಿಯೋ ಕಾರ್ಟ್ 8 ಡೀಲಕ್ಸ್‌ನಲ್ಲಿ ರಸ್ತೆಯ ಮೇಲೆ ಹೇಳಿದ ಹಾಗೆ ಕೇಳುವ ಕಾರ್ಟ್ (ಪುಟ್ಟ ರೇಸ್ ಗಾಡಿ), ನೀರಿನೊಳಗೆ ಹೋದ ಕೂಡಲೇ ತಿರುವಿನ ಹೊರಕ್ಕೆ ಜಾರುತ್ತದೆ. ತಪ್ಪು ನನ್ನ ಕೈಯದೋ, ಆಟವೇ ಹಾಗೋ?
– ಓದುಗರೊಬ್ಬರು, ಉಡುಪಿ

ಉತ್ತರ: ಆಟವೇ ಹಾಗೆ. ಮಲ್ಪೆಯ ಕಡಲಿನಲ್ಲಿ ಎದೆಮಟ್ಟದ ನೀರಿಗಿಳಿದು ಓಡಲು ಯತ್ನಿಸಿದವರಿಗೆ ಇದರ ಅರ್ಧ ಕಾರಣ ಗೊತ್ತಿರುತ್ತದೆ. ನೀರು ಮೈಯನ್ನು ಮೇಲಕ್ಕೆತ್ತುವುದರಿಂದ ಪಾದ ಮರಳಿನ ಮೇಲೆ ಗಟ್ಟಿಯಾಗಿ ಊರುವುದಿಲ್ಲ. ಊರದ ಪಾದಕ್ಕೆ ಹಿಡಿತವಿಲ್ಲ, ಹಿಡಿತವಿಲ್ಲದೆ ಥಟ್ಟನೆ ತಿರುಗಲಾಗದು. ಕಾರ್ಟಿನ ಚಕ್ರಗಳಿಗೂ ಆಟ ಇದೇ ಸಡಿಲತನವನ್ನು ಕೊಡುತ್ತದೆ, ಹಾರಿದ ಕಾರ್ಟ್ ನಿಧಾನವಾಗಿ ಕೆಳಗಿಳಿಯುವುದೂ ಅದರ ಭಾಗವೇ. ಆದರೆ ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ ನೀರು ಎದುರಿನಿಂದ ಒಡ್ಡುವ ತಡೆಯನ್ನು ಮಾತ್ರ ಅದು ಬಹುಪಾಲು ಕೈಬಿಟ್ಟಿದೆ. ಅದನ್ನೂ ಉಳಿಸಿಕೊಂಡಿದ್ದರೆ ಓಟವೇ ನಿಂತುಹೋಗುತ್ತಿತ್ತು, ಹಾಗಾಗಿ ಈ ಆಯ್ಕೆ ಸರಿಯೆಂದೇ ನನ್ನ ಅಭಿಪ್ರಾಯ.

ಈ ಸರಣಿಯಲ್ಲಿ ಮೊದಲು ಆಳವಾದ ನೀರಿಗೆ ಬಿದ್ದರೆ ಮೋಡದ ಮೇಲಿನ ಲಕಿಟು ಎಂಬ ಪಾತ್ರ ಗಾಳದ ಕೋಲಿನಿಂದ ಎತ್ತಿ ದಾರಿಗೆ ತರುತ್ತಿದ್ದ. 2011ರ ಮಾರಿಯೋ ಕಾರ್ಟ್ 7ರಲ್ಲಿ ಕಾರ್ಟಿನ ಹಿಂಬದಿಗೆ ಪ್ರೊಪೆಲ್ಲರ್ ಬಂದು, ನೀರಿನ ತಳವೂ ಓಟದ ದಾರಿಯಾಯಿತು.

ಉಳಿದರ್ಧ ಕಾರಣ ಕಣ್ಣಿಗೆ ಬೀಳುವುದಿಲ್ಲ, ಹೆಚ್ಚಿನವರು ಎಡವುವುದೂ ಇಲ್ಲೇ. ಮಾರಿಯೋ ಕಾರ್ಟ್ 8ರಲ್ಲಿ ವೇಗಕ್ಕೂ ಹ್ಯಾಂಡ್ಲಿಂಗಿಗೂ (ತಿರುಗುವ ಸಲೀಸಿಗೂ) ನೆಲ, ನೀರು, ಗಾಳಿ, ಆಂಟಿ ಗ್ರಾವಿಟಿ (ಗೋಡೆ, ಚಾವಣಿಗಳ ಮೇಲೂ ಓಡುವ ಸ್ಥಿತಿ) ಎಂದು ನಾಲ್ಕು ಬೇರೆ ಬೇರೆ ಅಂಕಗಳಿವೆ. ಗಾಡಿ ಆರಿಸುವಾಗ ತೆರೆಯ ಮೇಲಿನ ಪಟ್ಟಿ ತೋರಿಸುವುದು ನೆಲದ ಅಂಕವನ್ನು ಮಾತ್ರ. ಆದ್ದರಿಂದ ಪಟ್ಟಿ ನೋಡಿ ಮೆಚ್ಚಿದ ಟೈರು ನೀರಿನಲ್ಲಿಯೂ ಅಷ್ಟೇ ಚೆನ್ನಾಗಿರಬೇಕೆಂದಿಲ್ಲ. ಗಡಿಯಾರದ ವಿರುದ್ಧ ಒಬ್ಬರೇ ಓಡಿಸುವ ಟೈಮ್ ಟ್ರಯಲ್‌ನಲ್ಲಿ, ಬಹುಪಾಲು ನೀರಿನೊಳಗೇ ಸಾಗುವ ಡಾಲ್ಫಿನ್ ಶೋಲ್ಸ್ ಎಂಬ ದಾರಿ ಆರಿಸಿ, ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಟೈರನ್ನು ಮಾತ್ರ ಬದಲಿಸಿ ಓಡಿಸಿ ನೋಡಿ. ವ್ಯತ್ಯಾಸ ಗಡಿಯಾರದಲ್ಲೇ ಕಾಣುತ್ತದೆ.

ಕೈಗೆ ಬೇಕಾದ ಅಭ್ಯಾಸವೂ ಒಂದಿದೆ. ನೀರಿನಲ್ಲಿ ಡ್ರಿಫ್ಟನ್ನು (ತಿರುವಿನಲ್ಲಿ ಬೇಕೆಂದೇ ಜಾರಿಸುವುದನ್ನು) ರಸ್ತೆಯಲ್ಲಿಗಿಂತ ತುಸು ಮೊದಲೇ ಆರಂಭಿಸಿ. ಚಕ್ರದಡಿಯ ಕಿಡಿ ನೀಲಿಯಿಂದ ಕಿತ್ತಳೆಗೆ ತಿರುಗಿದಾಗ ಬಿಟ್ಟರೆ, ದಡದ ಮೇಲಿನಂತೆಯೇ ಅಲ್ಲಿಯೂ ಸೂಪರ್ ಮಿನಿ ಟರ್ಬೊ, ಅಂದರೆ ಕ್ಷಣಕಾಲದ ಹೆಚ್ಚುವರಿ ವೇಗ, ಸಿಗುತ್ತದೆ.