ಕ್ಲಾಪಮ್ ಗೆಳೆಯರ ಬಳಗ: 1807 ಮತ್ತು 1813ನ್ನು ಒಟ್ಟಿಗೆ ಓದಿ

ಬ್ರಿಟಿಷ್ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಹೆಸರು ನಮ್ಮ ಇತಿಹಾಸದ ಓದಿನಲ್ಲಿ ಎರಡು ಕಡೆ ಬರುತ್ತದೆ: ಗುಲಾಮ ವ್ಯಾಪಾರದ ನಿಷೇಧದಲ್ಲಿ (1807) ಒಮ್ಮೆ, ಭಾರತಕ್ಕೆ ಮಿಷನರಿಗಳು ಬಂದ ಪ್ರಸಂಗದಲ್ಲಿ (1813) ಇನ್ನೊಮ್ಮೆ. ನಾನೂ ಇವೆರಡನ್ನು ಬಿಡಿಬಿಡಿಯಾಗಿಯೇ ಓದಿದ್ದೆ. ಒಂದೇ ಹಾಳೆಯ ಮೇಲೆ ಬರೆದುಕೊಂಡಾಗಲೇ ಇವಾಂಜೆಲಿಕಲ್ ರಾಜಕೀಯದ ಬಲವೂ ಮಿತಿಯೂ ಒಟ್ಟಿಗೆ ಕಂಡವು.

ಮೊದಲು ಪದವನ್ನು ಬಿಡಿಸಿಕೊಳ್ಳೋಣ. ಇವಾಂಜೆಲ್ ಎಂದರೆ ಸುವಾರ್ತೆ. ಇವಾಂಜೆಲಿಕಲ್ ಎಂಬುದು ಪ್ರತ್ಯೇಕ ಪಂಗಡವಲ್ಲ. ಆಂಗ್ಲಿಕನ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಸಭೆಗಳೆಲ್ಲದರಲ್ಲೂ ಹರಡಿರುವ ಒಂದು ಧೋರಣೆ. ಬೈಬಲ್ಲೇ ಪರಮ ಪ್ರಮಾಣ, ಪ್ರತಿಯೊಬ್ಬರೂ ಸ್ವತಃ ಮನಸ್ಸು ತಿರುಗಿಸಿಕೊಳ್ಳಬೇಕು, ನಂಬಿಕೆ ನಡೆಯಲ್ಲಿ ಕಾಣಬೇಕು ಎಂಬುದು ಅದರ ಸಾರ.

1785ರಲ್ಲಿ ಯುವ ಸಂಸದ ವಿಲ್ಬರ್‌ಫೋರ್ಸ್‌ಗೆ ಇಂಥ ಪರಿವರ್ತನೆ ಆಯಿತು. ಭಕ್ತನಾದವನು ಸಂಸತ್ತಿನಲ್ಲಿ ಕೂರಬಹುದೇ ಎಂಬ ತೊಳಲಾಟದಲ್ಲಿ ಆತ ಜಾನ್ ನ್ಯೂಟನ್ ಎಂಬ ಪಾದ್ರಿಯ ಬಳಿ ಹೋದ. ನ್ಯೂಟನ್ ಹಿಂದೆ ಗುಲಾಮರ ಹಡಗಿನ ಕಪ್ತಾನನಾಗಿದ್ದವನು. ರಾಜಕೀಯ ಬಿಡಬೇಡ, ಅಲ್ಲೇ ಇದ್ದು ದೇವರ ಕೆಲಸ ಮಾಡು ಎಂಬುದು ಅವನ ಸಲಹೆಯಾಗಿತ್ತು. ಧರ್ಮ ಮತ್ತು ರಾಜಕೀಯದ ಬಗ್ಗೆ ಇಂದಿಗೂ ಕೇಳುವ ಪ್ರಶ್ನೆಗೆ ಆ ದಿನ ಸಿಕ್ಕ ಉತ್ತರ ಅದು.

ಲಂಡನ್ನಿನ ದಕ್ಷಿಣಕ್ಕಿದ್ದ ಕ್ಲಾಪಮ್ ಎಂಬಲ್ಲಿ ಬ್ಯಾಂಕ್ ಮಾಲೀಕ ಹೆನ್ರಿ ಥಾರ್ನ್‌ಟನ್, ಈಸ್ಟ್ ಇಂಡಿಯಾ ಕಂಪನಿಯ ಚಾರ್ಲ್ಸ್ ಗ್ರಾಂಟ್, ಜಮೈಕಾದ ತೋಟಗಳಲ್ಲಿ ಗುಲಾಮರ ಪಾಡನ್ನು ಕಣ್ಣಾರೆ ಕಂಡಿದ್ದ ಜಕಾರಿ ಮೆಕಾಲೆ (1835ರ ಶಿಕ್ಷಣ ಟಿಪ್ಪಣಿಯ ಮೆಕಾಲೆಯ ತಂದೆ) ಮೊದಲಾದವರು ವಿಲ್ಬರ್‌ಫೋರ್ಸ್ ಜೊತೆ ಒಂದು ಬಳಗವಾಗಿ ಬೆಳೆದರು. ಶ್ರೇಯಸ್ಸನ್ನೆಲ್ಲ ಇವರಿಗೇ ಬರೆಯಬೇಡಿ. 1787ರಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಕಟ್ಟಿದ ಸಮಿತಿಯ 12 ಜನರಲ್ಲಿ 9 ಮಂದಿ ಕ್ವೇಕರರು ಎಂಬ ಬೇರೆಯೇ ಕ್ರೈಸ್ತ ಪಂಗಡದವರು. ಸ್ವತಃ ಗುಲಾಮನಾಗಿದ್ದ ಒಲೌಡಾ ಇಕ್ವಿಯಾನೊ 1789ರಲ್ಲಿ ಆತ್ಮಕಥೆ ಪ್ರಕಟಿಸಿ ಊರೂರು ಸುತ್ತಿದ. ಇವನನ್ನು ಬಿಟ್ಟು ಬರೆದ ಉತ್ತರ ನನ್ನ ಮಟ್ಟಿಗೆ ಅಪೂರ್ಣ.

ಈ ಚಳವಳಿಯ ವಿಧಾನಗಳನ್ನು ನಿಧಾನವಾಗಿ ನೋಡಬೇಕು. ಜೋಸೈಯಾ ವೆಡ್ಜ್‌ವುಡ್ ಎಂಬ ಪಿಂಗಾಣಿ ತಯಾರಕ ಬೆರಳೆರಡರ ಅಗಲದ ಒಂದು ಪದಕ ಮಾಡಿಸಿದ. ಸಂಕೋಲೆ ತೊಟ್ಟ ಕರಿಯ ಮನುಷ್ಯನೊಬ್ಬ ಒಂದು ಮೊಣಕಾಲೂರಿ, ಜೋಡಿಸಿದ ಕೈಗಳನ್ನು ಮೇಲೆತ್ತಿದ್ದಾನೆ. ಸುತ್ತ ಬರೆದಿರುವ ಮಾತು: ನಾನು ಮನುಷ್ಯನಲ್ಲವೇ, ಸಹೋದರನಲ್ಲವೇ? ಹೆಂಗಸರು ಅದನ್ನು ಬಳೆಗೆ, ಮುಡಿಪಿನ್ನಿಗೆ ಕೂರಿಸಿಕೊಂಡರು. ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಸಾವಿರಾರು ಮನೆಗಳು ತೊರೆದವು. 1792ರಲ್ಲಿ ಸಂಸತ್ತಿಗೆ 519 ಮನವಿಗಳು ಬಂದವು. ಕೊನೆಗೆ 1807ರಲ್ಲಿ 283ಕ್ಕೆ 16 ಮತಗಳಿಂದ ಕಾಮನ್ಸ್ ಸಭೆ ಗುಲಾಮ ವ್ಯಾಪಾರದ ನಿಷೇಧಕ್ಕೆ ಒಪ್ಪಿತು. ನಿಂತದ್ದು ವ್ಯಾಪಾರ ಮಾತ್ರ, ಗುಲಾಮಗಿರಿಯಲ್ಲ; ಇದನ್ನು ಬಹಳ ಮಂದಿ ಕಲಸಿಬಿಡುತ್ತಾರೆ. ಅದರ ರದ್ದತಿಗೆ 1833ರ ಕಾಯ್ದೆ ಬರಬೇಕಾಯಿತು. ಆಗಲೂ 2 ಕೋಟಿ ಪೌಂಡ್ ಪರಿಹಾರ ದೊರೆತದ್ದು ಮಾಲೀಕರಿಗೆ. ದುಡಿದವರಿಗೆ ಬಿಡಿಗಾಸೂ ಇಲ್ಲ.

ಆ ಪದಕವನ್ನು ಮತ್ತೊಮ್ಮೆ ನೋಡಿ. ಅವನು ಸಹೋದರ, ಆದರೆ ಮೊಣಕಾಲೂರಿದ ಸಹೋದರ. 1813ನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ಈ ಚಿತ್ರವೇ.

1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು, ಅಂದರೆ ಸಂಸತ್ತು ಅದಕ್ಕೆ ಕೊಡುವ ಅಧಿಕಾರಪತ್ರ, ನವೀಕರಣಕ್ಕೆ ಬಂದಾಗ ಇದೇ ಬಳಗ ಇದೇ ಅಸ್ತ್ರ ಹಿಡಿಯಿತು. ಭಾರತದಲ್ಲಿ ಮಿಷನರಿಗಳಿಗೆ ಅವಕಾಶ ಕೊಡಿ ಎಂದು 800ಕ್ಕೂ ಹೆಚ್ಚು ಮನವಿಗಳು ಸಂಸತ್ತಿಗೆ ಹರಿದುಬಂದವು. ನಮ್ಮ ಧರ್ಮ ಉದಾತ್ತ, ಪರಿಶುದ್ಧ, ಹಿಂದೂಗಳದು ನೀಚ, ಕ್ರೂರ ಎಂಬ ಅರ್ಥದ ಮಾತನ್ನು ವಿಲ್ಬರ್‌ಫೋರ್ಸ್ ಸಂಸತ್ತಿನಲ್ಲೇ ಆಡಿದ. ಆತನ ಮಟ್ಟಿಗೆ ಇದೂ ಕರುಣೆಯ ಕೆಲಸವೇ. ಆ ಕರುಣೆಯೊಳಗೇ ಮೇಲರಿಮೆ ಸೇರಿಕೊಂಡಿತ್ತು ಎಂದು ನಾವು ನೇರವಾಗಿ ಬರೆಯಬೇಕು, ಹಾಗೆ ಬರೆಯುವಾಗ 1807ರ ಸಾಧನೆಯನ್ನು ಕುಗ್ಗಿಸಲೂ ಬಾರದು.

1813ರ ಸನ್ನದಿನಿಂದ ಸಡಿಲವಾದ ಬಾಗಿಲನ್ನು 1833ರ ಸನ್ನದು ಬ್ರಿಟನ್ನಿನವರಲ್ಲದ ಮಿಷನರಿಗಳಿಗೂ ತೆರೆಯಿತು. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1843ರ 'ಮಂಗಳೂರು ಸಮಾಚಾರ', 1894ರ ಕಿಟ್ಟೆಲ್ ನಿಘಂಟು ಬಂದದ್ದು ಇದೇ ದಾರಿಯಲ್ಲಿ.

ಕೊನೆಯದಾಗಿ ಒಂದು ಟಿಪ್ಪಣಿ. ಕೆನರಾದಲ್ಲಿ ಜಮೀನಿನ ಆಳುಗಳನ್ನು ಮಾರುವ, ಒತ್ತೆಯಿಡುವ, ಬಾಡಿಗೆಗೆ ಕೊಡುವ ಪದ್ಧತಿಯನ್ನು ಫ್ರಾನ್ಸಿಸ್ ಬುಕಾನನ್ 1801ರ ಪ್ರವಾಸದಲ್ಲಿ ಕಂಡು ದಾಖಲಿಸಿದ್ದ. ಆ ಪ್ರವಾಸ ಕಥನ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲೇ. ಆದರೂ 1833ರ ಗುಲಾಮಗಿರಿ ರದ್ದತಿ ಕಾಯ್ದೆ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಕೆನರಾದ ಆ ಆಳುಗಳ ಮೇಲೆ ಒಡೆಯರು ಹೂಡುವ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದು ಎಂಬ ಕಾನೂನು ಬಂದದ್ದು 1843ರಲ್ಲಿ.