ಸೋರುವ ಕಿವಿ ಒಣಗಿತು, ಕೇಳಿಸಿತೇ?

ನಮ್ಮ ದೊಡ್ಡಮ್ಮನ ಬಲಗಿವಿಯಲ್ಲಿ ಮೂವತ್ತು ವರ್ಷ ಹತ್ತಿ ಇತ್ತು. ಮಗಳ ಮದುವೆಯ ಫೋಟೋದಲ್ಲೂ ಓಲೆಯ ಮೇಲೆ ಆ ಬಿಳಿ ಚುಕ್ಕಿ ಕಾಣುತ್ತದೆ. ಬೆಳಿಗ್ಗೆ ಎದ್ದೊಡನೆ ಹಳೆಯ ಹತ್ತಿಯನ್ನು ಒಲೆಗೆ ಹಾಕಿ ಹೊಸದನ್ನು ತುರುಕಿಕೊಳ್ಳುವುದು ಅವರಿಗೆ ಹಲ್ಲುಜ್ಜಿದಷ್ಟೇ ಸಹಜ. ಶ್ರೀರಂಗಪಟ್ಟಣದ ಬಳಿಯ ನಮ್ಮ ಊರಿನಲ್ಲಿ ಕಿವಿ ಸೋರುವುದನ್ನು ಕಾಯಿಲೆ ಎಂದು ಯಾರೂ ಎಣಿಸುತ್ತಿರಲಿಲ್ಲ, ನೋವಿಲ್ಲವಲ್ಲ! ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಎರಡು ತೊಟ್ಟು ಬಿಟ್ಟರೆ ಉಪಚಾರ ಮುಗಿಯಿತು. ತಮಟೆ ತೂತಾದ ಕಿವಿಗೆ ಎಣ್ಣೆ ಬಿಟ್ಟರೆ ಅದು ನೇರವಾಗಿ ನಡುಗಿವಿಗೇ ಇಳಿಯುತ್ತದೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಕೊನೆಗೂ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ‘ಯಶಸ್ವಿ’ ಎಂದಿತ್ತು. ಮೂರು ತಿಂಗಳು ಕಳೆದರೂ ದೊಡ್ಡಮ್ಮ ಟಿವಿಯ ಸದ್ದನ್ನು ಏರಿಸುತ್ತಲೇ ಇದ್ದರು. “ಅದ್ಯಾವ ಯಶಸ್ಸೋ, ನನಗಂತೂ ಕೇಳಿಸಲಿಲ್ಲ” ಎಂದರು ಒಂದು ದಿನ. ನಗು ಬಂದರೂ ಪ್ರಶ್ನೆ ಸರಿಯಾಗಿಯೇ ಇತ್ತು. ಕಿವಿಯ ಶಸ್ತ್ರಚಿಕಿತ್ಸೆಯಲ್ಲಿ ಯಶಸ್ಸು ಎಂಬ ಒಂದು ಮಾತಿಗೆ ಮೂರು ಅರ್ಥಗಳಿವೆ: ಸೋರುವುದು ನಿಂತಿತು, ತೂತು ಮುಚ್ಚಿತು, ಕಿವಿ ಕೇಳಿಸಿತು. ವೈದ್ಯರು ಮೊದಲೆರಡನ್ನು ಎಣಿಸುತ್ತಾರೆ, ರೋಗಿ ಮೂರನೆಯದಕ್ಕೆ ಕಾಯುತ್ತಾರೆ. ಇಬ್ಬರೂ ಕುಳಿತು ಇದನ್ನು ಮೊದಲೇ ಮಾತಾಡಿಕೊಳ್ಳುವುದು ಅಪರೂಪ.

ಕಿವಿತಮಟೆಯ ಅಗಲ ಒಂದು ಸೆಂಟಿಮೀಟರಿಗೆ ತುಸು ಕಡಿಮೆ, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಸರಪಳಿಯಂತೆ ಕೂಡಿಕೊಂಡಿವೆ. ಒಳಗಿವಿಯಲ್ಲಿರುವುದು ದ್ರವ, ಗಾಳಿಯಲ್ಲಿ ಬಂದ ಸದ್ದು ದ್ರವಕ್ಕೆ ನೇರವಾಗಿ ಬಡಿದರೆ ಬಹುಪಾಲು ವಾಪಸು ಹೋಗುತ್ತದೆ. ಅದಕ್ಕೇ ಈ ಏರ್ಪಾಡು. ತಮಟೆಯ ಕಂಪಿಸುವ ಭಾಗ ರಿಕಾಪಿನ ಪಾದಕ್ಕಿಂತ ಸುಮಾರು 17 ಪಟ್ಟು ದೊಡ್ಡದು. ಮೂಳೆಗಳು ಸನ್ನೆಗೋಲಿನಂತೆ ಕೆಲಸ ಮಾಡಿ ಇನ್ನೊಂದು 1.3 ಪಟ್ಟು ಸೇರಿಸುತ್ತವೆ. ಒಟ್ಟು ಒತ್ತಡ ಹೆಚ್ಚುಕಡಿಮೆ 22 ಪಟ್ಟು ಏರುತ್ತದೆ. ತಮಟೆ ತೂತಾದರೆ, ಸರಪಳಿ ಕಡಿದರೆ ನಷ್ಟವಾಗುವುದು ಈ ಲಾಭವೇ.

ತೂತು ಮುಚ್ಚುವ ವಿದ್ಯೆ ಈಗಿನ ರೂಪಕ್ಕೆ ಬಂದದ್ದು 1950ರ ದಶಕದಲ್ಲಿ, ಜರ್ಮನಿಯ ಕಿವಿವೈದ್ಯರಾದ ವುಲ್‌ಸ್ಟೈನ್ ಮತ್ತು ಝೋಲ್ನರ್ ಅವರ ಕೈಯಲ್ಲಿ. ಶಸ್ತ್ರಚಿಕಿತ್ಸೆಗೆಂದೇ ಮಾಡಿದ ಸೂಕ್ಷ್ಮದರ್ಶಕವೂ ಆಗಲೇ ಬಂದದ್ದರಿಂದ ಅದು ಸಾಧ್ಯವಾಯಿತು. ತೇಪೆಗೆ ಬೇಕಾದ ಸಾಮಗ್ರಿ ದೂರದಲ್ಲೇನೂ ಇಲ್ಲ. ಕಿವಿಯ ಮೇಲ್ಭಾಗದಲ್ಲಿ, ನಾವು ಅಗಿಯುವಾಗ ಆಡುವ ಸ್ನಾಯುವಿನ ಮೇಲೆ ತೆಳುವಾದ ಹೊದಿಕೆಯಿದೆ. ಅದರಲ್ಲೇ ಒಂದು ತುಂಡು ಕತ್ತರಿಸಿ, ಒಣಗಿಸಿ, ಹರಿದ ತಮಟೆಯ ಕೆಳಗೆ ಹಾಸುತ್ತಾರೆ. ತೇಪೆ ಅಲ್ಲೇ ಉಳಿದು ಚರ್ಮವಾಗುವುದಿಲ್ಲ; ಅಂಚಿನ ಚರ್ಮ ಅದರ ಮೇಲೆ ಬಳ್ಳಿಯಂತೆ ಹಬ್ಬಿಕೊಳ್ಳಲು ಅದು ಚಪ್ಪರ, ಅಷ್ಟೇ. ನುರಿತ ಕೈಗಳಲ್ಲಿ ನೂರಕ್ಕೆ 85ರಿಂದ 95 ಕಿವಿಗಳಲ್ಲಿ ತೂತು ಮುಚ್ಚುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ, ಮೂಗಿನಿಂದ ಕಿವಿಗೆ ಹೋಗುವ ನಾಳ ಸರಿಯಿಲ್ಲದವರಲ್ಲಿ ಫಲ ತುಸು ಕಡಿಮೆ.

ಆದರೆ ಮುಚ್ಚಿದ ಮಾತ್ರಕ್ಕೆ ನಾದ ಬರುವುದಿಲ್ಲ. ಮಾರಿಹಬ್ಬದ ದಿನ ತಮಟೆಯವರು ಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಬೆರಳಲ್ಲಿ ತಟ್ಟಿ ತಟ್ಟಿ ನೋಡುವುದನ್ನು ಕಂಡಿದ್ದೇನೆ. ಚರ್ಮದಲ್ಲಿ ತೂತಿಲ್ಲದಿದ್ದರೂ ಸಡಿಲವಾಗಿದ್ದರೆ ‘ಧಪ್’ ಎನ್ನುತ್ತದೆ. ಕಿವಿಯಲ್ಲೂ ಹಾಗೆಯೇ. ತೇಪೆ ದಪ್ಪವಾಗಿ ಮಾಯಬಹುದು, ಸುತ್ತಿಗೆಯಿಂದ ದೂರ ಸರಿದು ನಿಲ್ಲಬಹುದು. ಮೂಳೆಗಳ ಕಥೆಯೇ ಬೇರೆ. ಅಡಿಗಲ್ಲು ಮೂಳೆಯ ಉದ್ದನೆಯ ತುದಿಗೆ ರಕ್ತ ಸಾಗುವುದೇ ಕಡಿಮೆ. ವರ್ಷಗಟ್ಟಲೆ ಕೀವಿನಲ್ಲಿ ನೆನೆದರೆ ಮೊದಲು ಸವೆಯುವುದು ಅದೇ. ಅಂಥಲ್ಲಿ ರೋಗಿಯದೇ ಮೂಳೆಯನ್ನು ತಿದ್ದಿ ಕೂರಿಸುತ್ತಾರೆ, ಇಲ್ಲವೇ ಟೈಟಾನಿಯಂ ಕಡ್ಡಿ ಇಡುತ್ತಾರೆ. ರಿಕಾಪು ಗಟ್ಟಿಯಾಗಿ ನಿಂತಿದ್ದರೆ ಫಲ ಚೆನ್ನ. ಅದರ ಕಮಾನೂ ಹೋಗಿ ಪಾದ ಮಾತ್ರ ಉಳಿದಿದ್ದರೆ ಅಷ್ಟು ನೆಚ್ಚುವಂತಿಲ್ಲ.

ಇನ್ನೊಂದು ಬಗೆಯ ಸೋರಿಕೆ ಇದೆ, ಅದಕ್ಕೆ ಹೆದರಬೇಕು. ಕಡಿಮೆ ಪ್ರಮಾಣದ, ಆದರೆ ಕೆಟ್ಟ ವಾಸನೆಯ ಕೀವು. ಇಲ್ಲಿ ತಮಟೆಯ ಚರ್ಮವೇ ಒಳಕ್ಕೆ ಜಗ್ಗಿ ಚೀಲವಾಗಿ, ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬೆಳೆದು ಸುತ್ತಲಿನ ಮೂಳೆಯನ್ನು ತಿನ್ನುತ್ತದೆ. 1838ರಲ್ಲಿ ಇದಕ್ಕೆ ಕೊಲೆಸ್ಟಿಯಟೋಮ ಎಂಬ ಹೆಸರು ಬಿತ್ತು. ಕೊಲೆಸ್ಟರಾಲಿಗೂ ಇದಕ್ಕೂ ಸಂಬಂಧವಿಲ್ಲ, ಇದು ಗೆಡ್ಡೆಯೂ ಅಲ್ಲ, ದಾರಿ ತಪ್ಪಿದ ಚರ್ಮ. ಮುಖದ ನರ ಅಲ್ಲೇ ಹಾದುಹೋಗುತ್ತದೆ, ಮಿದುಳಿಗೂ ಈ ಚೀಲಕ್ಕೂ ನಡುವೆ ತೆಳು ಮೂಳೆಯ ಹಲಗೆ ಮಾತ್ರ. ಹಾಗಾಗಿ ಇಲ್ಲಿ ವೈದ್ಯರು ಕೇಳುವಿಕೆಯ ಗೊಡವೆಗೆ ಹೋಗದೆ ಮೊದಲು ಜೀವ ಕಾಯುತ್ತಾರೆ. ವಿಚಿತ್ರವೆಂದರೆ, ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಕೇಳುವುದು ಇನ್ನೂ ಕಡಿಮೆಯಾಗುತ್ತದೆ! ಮೂಳೆ ಕಡಿದ ಜಾಗದಲ್ಲಿ ಆ ಚೀಲವೇ ಸೇತುವೆಯಾಗಿ ಸದ್ದನ್ನು ದಾಟಿಸುತ್ತಿರುತ್ತದೆ. ಅದನ್ನು ತೆಗೆದರೆ ಸೇತುವೆಯೂ ಹೋಯಿತು. ಕಿವಿನಾಳದ ಹಿಂದಿನ ಗೋಡೆಯನ್ನು ಕೆಡವಿ ದೊಡ್ಡ ಗುಳಿ ಮಾಡಿದರೆ ರೋಗ ಮರುಕಳಿಸುವುದು ಕಡಿಮೆ, ಆದರೆ ಆ ಗುಳಿಯನ್ನು ಜೀವನಪೂರ್ತಿ ಆಗಾಗ ಶುಚಿ ಮಾಡಿಸಬೇಕು. ಗೋಡೆ ಉಳಿಸಿದರೆ ಒಂದು ವರ್ಷದ ಆಸುಪಾಸಿನಲ್ಲಿ ಮತ್ತೊಮ್ಮೆ ತೆರೆದು ಅಥವಾ ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.

ಅದೃಷ್ಟಕ್ಕೆ ದೊಡ್ಡಮ್ಮನದು ಬರೀ ತೂತು, ಜೊತೆಗೆ ಸವೆದ ಅಡಿಗಲ್ಲು. ಅವರನ್ನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. 1965ರಿಂದ ಮೈಸೂರಿನಲ್ಲಿರುವ ಸಂಸ್ಥೆ ಅದು. ಪರೀಕ್ಷೆ ಮಾಡಿದ ಹುಡುಗಿ ಹಳೆಯ ಕಾಗದವನ್ನೂ ಹೊಸದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಎರಡರಲ್ಲೂ ಎರಡೆರಡು ಗೆರೆ. ಒಂದು ಗಾಳಿಯ ಮೂಲಕ ಕೇಳಿದ್ದು, ಇನ್ನೊಂದು ಕಿವಿಯ ಹಿಂದಿನ ಮೂಳೆಗೆ ಕಂಪನ ಕೊಟ್ಟು ಕೇಳಿಸಿದ್ದು. ಎಷ್ಟು ಮೆಲ್ಲನೆಯ ಸದ್ದು ಕೇಳಿಸುತ್ತದೆ ಎಂಬುದರ ಅಳತೆ ಡೆಸಿಬೆಲ್‌ನಲ್ಲಿ, ಅಂಕಿ ಕಡಿಮೆಯಾದಷ್ಟೂ ಕಿವಿ ಚುರುಕು. ಗಾಳಿಯ ಗೆರೆ ಮೊದಲು 56 ಡೆಸಿಬೆಲ್‌ನಲ್ಲಿತ್ತು, ಈಗ 38ಕ್ಕೆ ಬಂದಿತ್ತು. ಮೂಳೆಯ ಗೆರೆ ಆಗಲೂ 28, ಈಗಲೂ 28.

“ಈ ಎರಡು ಗೆರೆಗಳ ನಡುವಿನ ಅಂತರವನ್ನು ಮಾತ್ರ ಆಪರೇಷನ್ ತುಂಬಬಲ್ಲದು ಅಮ್ಮ” ಎಂದಳು ಅವಳು. “28 ಅನ್ನುವುದು ಒಳಗಿವಿಯ ನರದ ಲೆಕ್ಕ. ಅಲ್ಲಿಗೆ ಯಾರ ಕತ್ತರಿಯೂ ಹೋಗುವುದಿಲ್ಲ.” ಅಂದರೆ ಇದ್ದ 28 ಡೆಸಿಬೆಲ್ ಅಂತರದಲ್ಲಿ 18 ತುಂಬಿತ್ತು. ಇನ್ನು 10 ಉಳಿದಿತ್ತು. ಮೂಳೆಯ ಗೆರೆಯ 28 ಮಾತ್ರ ಹಳೆಯ ಸೋಂಕು ಮತ್ತು ವಯಸ್ಸು ಸೇರಿ ಒಳಗಿವಿಗೆ ಮಾಡಿದ ಹಾನಿ. ಎಡಗಿವಿಗೂ ಅಷ್ಟೇ ವಯಸ್ಸಾಗಿತ್ತಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಈ ಕಾಗದವನ್ನು ಯಾರಾದರೂ ನಮ್ಮ ಮುಂದೆ ಬಿಡಿಸಿ ಇಟ್ಟಿದ್ದರೆ ಮೂರು ತಿಂಗಳ ಬೇಸರ ತಪ್ಪುತ್ತಿತ್ತು ಎಂದು ನನಗೆ ಈಗಲೂ ಸಿಟ್ಟಿದೆ.

ದೊಡ್ಡಮ್ಮನಿಗೆ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಅಭ್ಯಾಸಬಲದಿಂದ ನನ್ನನ್ನು ಎಡಕ್ಕೇ ಕೂರಿಸಿಕೊಂಡು, “ಈ ಸಲ ತಲೆಗೆ ನೀರು ಹಾಕಿಕೊಳ್ಳಬಹುದಂತಾ?” ಎಂದು ಕೇಳಿದರು. ತೂತು ಪೂರ್ತಿ ಮುಚ್ಚಿದೆ, ಹಾಕಿಕೊಳ್ಳಬಹುದು ಎಂದೆ. ಆ ವರ್ಷದ ದೀಪಾವಳಿಯಲ್ಲಿ ನೀರು ತುಂಬಿದ ಹಂಡೆಯ ಮುಂದೆ ಕುಳಿತು, ಎಣ್ಣೆ ಹಚ್ಚಿದ ತಲೆಯ ಮೇಲೆ ಚೊಂಬಿನ ಮೇಲೆ ಚೊಂಬು ಸುರಿದುಕೊಂಡರು. ಬಚ್ಚಲಿನಿಂದ ಅವರು ಹೊರಗೆ ಬಂದದ್ದು ಮುಕ್ಕಾಲು ಗಂಟೆಯ ನಂತರ, ಕಿವಿಯಲ್ಲಿ ಹತ್ತಿಯಿಲ್ಲದೆ.