ಆಕಾಶ ಕಣ್ಣೆದುರೇ ಇರುವಾಗ ವಿಶ್ವವಿದ್ಯಾಲಯಕ್ಕೆ ತಾರಾಲಯ ಯಾಕೆ?

ಓದುಗರ ಪ್ರಶ್ನೆ: ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಸ್ವಂತ ತಾರಾಲಯವೇ ಇದೆಯಂತೆ. ರಾತ್ರಿ ಟೆರೇಸ್ ಹತ್ತಿದರೆ ನಕ್ಷತ್ರಗಳು ಪುಕ್ಕಟೆ ಕಾಣುತ್ತವೆ. ಅಷ್ಟು ಖರ್ಚು ಮಾಡಿ ಗುಮ್ಮಟ ಕಟ್ಟಿ ಏನು ಪಾಠ ಮಾಡುತ್ತಾರೆ? ಮಕ್ಕಳಿಗೆ ತೋರಿಸುವ ಸಿನಿಮಾ ತಾನೇ ಅದು?

ಉತ್ತರ: ನಿಜವಾದ ಆಕಾಶವನ್ನು ನಿಲ್ಲಿಸಲು ಆಗುವುದಿಲ್ಲ, ಬೇಗ ಓಡಿಸಲೂ ಆಗುವುದಿಲ್ಲ. ತಾರಾಲಯದಲ್ಲಿ ಎರಡೂ ಆಗುತ್ತದೆ. ಪಂಚಾಂಗದಲ್ಲಿ ಮಂಗಳ ವಕ್ರ ಎಂದು ಬರೆದಿರುತ್ತಾರಲ್ವಾ? ನಕ್ಷತ್ರಗಳ ನಡುವೆ ಪೂರ್ವಕ್ಕೆ ಸರಿಯುತ್ತಿದ್ದ ಮಂಗಳ ನಿಂತು, ಎರಡು ತಿಂಗಳಿಗೂ ಜಾಸ್ತಿ ಕಾಲ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ತಿರುಗುತ್ತದೆ. ಸುಮಾರು 26 ತಿಂಗಳಿಗೊಮ್ಮೆ ಹೀಗಾಗುತ್ತದೆ. ಯಾವ ಮೇಷ್ಟ್ರೂ ತರಗತಿಯನ್ನು ಅಷ್ಟು ದಿನ ಕಾಯಿಸಲಾರರು. ಗುಮ್ಮಟದ ಕೆಳಗೆ ಅದನ್ನು ಎರಡು ನಿಮಿಷದಲ್ಲಿ ತೋರಿಸಬಹುದು. ಅರ್ಥವಾಗದಿದ್ದರೆ ಇನ್ನೊಂದು ಸಲ.

ನೋಡುವ ಊರನ್ನೂ ಅಲ್ಲಿ ಹಾಗೆಯೇ ಬದಲಿಸಬಹುದು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿದೆ, ಬೀದರಿನಲ್ಲಿ 18. ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರ. ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದರೆ ಬಾಯಿಪಾಠ ಆಗುತ್ತದೆ, ಅಷ್ಟೇ. ತಾರಾಲಯದಲ್ಲಿ ಕುಳಿತಲ್ಲೇ ಉತ್ತರ ಧ್ರುವಕ್ಕೆ ಹೋಗಿಬಿಡಬಹುದು. ಧ್ರುವ ನಕ್ಷತ್ರ ನೆತ್ತಿಗೆ ಬರುತ್ತದೆ. ಉಳಿದ ನಕ್ಷತ್ರಗಳು ಮುಳುಗದೆ ಸುತ್ತುತ್ತಲೇ ಇರುತ್ತವೆ. ಒಮ್ಮೆ ಹೀಗೆ ನೋಡಿದ ವಿದ್ಯಾರ್ಥಿಗೆ ಸೂತ್ರ ನೆನಪಿಟ್ಟುಕೊಳ್ಳುವ ಕಷ್ಟವೇ ಇರುವುದಿಲ್ಲ.

ಇದು ಸಿನಿಮಾ ಅಲ್ಲ ಎನ್ನಲು ನನ್ನ ಬಳಿ ಇರುವ ದೊಡ್ಡ ಸಾಕ್ಷಿ ಅಮೆರಿಕದ ಚಾಪೆಲ್ ಹಿಲ್ ಊರಿನದು. ಅಲ್ಲಿನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮೋರ್‌ಹೆಡ್ ತಾರಾಲಯ 1949ರಲ್ಲಿ ಶುರುವಾಯಿತು. ಆ ದೇಶದಲ್ಲಿ ವಿಶ್ವವಿದ್ಯಾಲಯದ ಆವರಣದೊಳಗೆ ಬಂದ ಮೊದಲ ತಾರಾಲಯ ಅದೇ. ಮುಂದೆ ನಾಸಾ ತನ್ನ ಗಗನಯಾತ್ರಿಗಳನ್ನು ಅಲ್ಲಿಗೆ ಪಾಠಕ್ಕೆ ಕಳಿಸಿತು. 1975ರವರೆಗೆ 60ಕ್ಕೂ ಹೆಚ್ಚು ಜನ ಅಲ್ಲಿ ನಕ್ಷತ್ರ ಗುರುತಿಸುವುದನ್ನು ಕಲಿತರು. ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಅವರಲ್ಲೊಬ್ಬರು. ನೌಕೆಯ ಕಿಟಕಿ ಚಿಕ್ಕದು, ಅದರಲ್ಲಿ ಕಾಣುವುದು ಆಕಾಶದ ಒಂದು ತುಂಡು ಮಾತ್ರ. ಅಷ್ಟನ್ನೇ ನೋಡಿ ಇದು ಯಾವ ನಕ್ಷತ್ರ ಎಂದು ಹೇಳಬೇಕು. ಅದಕ್ಕಾಗಿ ಪ್ಲೈವುಡ್ಡಿನಲ್ಲಿ ನೌಕೆಯ ಮಾದರಿ ಮಾಡಿ, ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದರು. ಬೇಕಾದ ಕಡೆ ವಾಲಿಸಿ ತಿರುಗಿಸಲು ಆ ಕುರ್ಚಿ ಅನುಕೂಲ.

ಆ ಪಾಠ ಕೆಲಸಕ್ಕೆ ಬಂತು. 1963ರ ಮೇ ತಿಂಗಳಲ್ಲಿ ಗಗನಯಾತ್ರಿ ಗಾರ್ಡನ್ ಕೂಪರ್ ಒಬ್ಬರೇ ಭೂಮಿ ಸುತ್ತುತ್ತಿದ್ದಾಗ, ಕೊನೆಯ ಸುತ್ತುಗಳಲ್ಲಿ ನೌಕೆಯ ಸ್ವಯಂಚಾಲಿತ ನಿಯಂತ್ರಣ ಕೆಟ್ಟಿತು. ಅವರು ನಕ್ಷತ್ರ ನೋಡಿ ದಿಕ್ಕು ಹಿಡಿದು, ಕೈಗಡಿಯಾರ ನೋಡಿ ಸಮಯ ಲೆಕ್ಕ ಹಾಕಿ, ಕೈಯಾರೆ ನೌಕೆ ಇಳಿಸಿದರು. ಪೆಸಿಫಿಕ್ ಸಾಗರದಲ್ಲಿ ಕಾಯುತ್ತಿದ್ದ ಹಡಗಿನ ಹತ್ತಿರವೇ ಬಂದಿಳಿದರು. 1969ರಲ್ಲಿ ಅಪೊಲೊ 12 ಹಾರಿದ ಒಂದು ನಿಮಿಷದೊಳಗೆ ಅದಕ್ಕೆ ಎರಡು ಸಲ ಸಿಡಿಲು ಬಡಿಯಿತು. ದಿಕ್ಕು ತೋರಿಸುವ ಉಪಕರಣ ಕೈಕೊಟ್ಟಿತು. ಭೂಮಿಯ ಕಕ್ಷೆಯಲ್ಲಿದ್ದಾಗ ಯಾತ್ರಿಗಳು ನಕ್ಷತ್ರಗಳನ್ನು ಹುಡುಕಿ ಅದನ್ನು ಮತ್ತೆ ಸರಿಹೊಂದಿಸಿಕೊಂಡು ಚಂದ್ರನ ಕಡೆ ಹೊರಟರು.

ಹಾಗಂತ ಮೋರ್‌ಹೆಡ್ ತಾರಾಲಯ ಗಗನಯಾತ್ರಿಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಶಾಲಾ ಮಕ್ಕಳಿಗೂ ಊರಿನವರಿಗೂ ಮೊದಲಿನಿಂದ ಪ್ರವೇಶವಿದೆ. ವಿಶ್ವವಿದ್ಯಾಲಯದ ತಾರಾಲಯಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಇದೇ. ತೆರಿಗೆ ಕಟ್ಟುವ ಜನ ಕ್ಯಾಂಪಸ್ಸಿನ ಒಳಗೆ ಬಂದು ಕೂರುವ, ಪ್ರಶ್ನೆ ಕೇಳುವ ಜಾಗಗಳು ಬಹಳ ಕಡಿಮೆ.

ನಮ್ಮಲ್ಲಿ ಹತ್ತಿರದ ಉದಾಹರಣೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ. ಅದು 1989ರಿಂದ ಇದೆ. ಅದು ವಿಶ್ವವಿದ್ಯಾಲಯದ್ದಲ್ಲ, ಆದರೂ ಪದವಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ತರಗತಿಗಳನ್ನು ನಡೆಸುತ್ತಾ ಬಂದಿದೆ. ಕನ್ನಡದಲ್ಲೂ ಪ್ರದರ್ಶನಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಸ್ವಲ್ಪ ಬೇಗ ಹೋಗಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸಮಯ ಬೇಕು. ಅದೇ ದಿನ ರಾತ್ರಿ ಮೋಡ ಇಲ್ಲದಿದ್ದರೆ, ಒಳಗೆ ನೋಡಿದ ಒಂದಾದರೂ ನಕ್ಷತ್ರವನ್ನು ಟೆರೇಸಿನಲ್ಲಿ ಹುಡುಕಿಸಿ.